ಅಮೆರಿಕದ ಆರೋಗ್ಯ ಇಲಾಖೆಯಲ್ಲಿ 10,000 ಹುದ್ದೆ ಕಡಿತ: ಯಾರು ಹೋಗಬೇಕು ಅಂತ ತೀರ್ಮಾನವಾದದ್ದು ಹೇಗೆ?

2025ರ ಏಪ್ರಿಲ್ 1, ಮಂಗಳವಾರ. ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಮತ್ತು ಮಾನವ ಸೇವೆಗಳ ಇಲಾಖೆಯ ಸಾವಿರಾರು ನೌಕರರಿಗೆ ಬೆಳಗಿನ ಜಾವದಲ್ಲೇ ಇ-ಮೇಲ್ ಬಂತು. ನಿಮ್ಮ ಹುದ್ದೆ ಹೋಗುತ್ತಿದೆ ಅನ್ನುವುದು ಅದರ ಸಾರಾಂಶ. ಮೇಲ್ ನೋಡದೆ ಕೆಲಸಕ್ಕೆ ಹೊರಟವರಿಗೆ ವಿಷಯ ಗೊತ್ತಾದದ್ದು ಕಚೇರಿಯ ಬಾಗಿಲಲ್ಲಿ. ಹೊರಗೆ ಉದ್ದ ಕ್ಯೂ. ಒಬ್ಬೊಬ್ಬರೇ ಗುರುತಿನ ಕಾರ್ಡ್ ತೋರಿಸಬೇಕು. ಕೆಲವರ ಕಾರ್ಡ್ ಕೆಲಸ ಮಾಡಲಿಲ್ಲ, ಅವರು ಅಲ್ಲಿಂದಲೇ ವಾಪಸ್ ಹೋದರು.

ಸರ್ಕಾರಿ ಕೆಲಸ ಅಂದರೆ ಭದ್ರ ಅಂತ ಎಲ್ಲ ಕಡೆಯೂ ನಂಬಿಕೆ ಇದೆ. ಅಮೆರಿಕದಲ್ಲೂ ಇತ್ತು. ಅದು ಬರೀ ನಂಬಿಕೆಯೂ ಅಲ್ಲ. ಯಾರನ್ನು ಮೊದಲು ತೆಗೆಯಬೇಕು, ಯಾರನ್ನು ಕೊನೆಗೆ ಅನ್ನುವುದಕ್ಕೆ ಅಲ್ಲಿ 1944ರ ಕಾನೂನಿನಿಂದ ಬೆಳೆದು ಬಂದ ವಿವರವಾದ ನಿಯಮಗಳಿವೆ. ಅಂಕ ಕೂಡುವುದು, ಪಟ್ಟಿ ಹಾಕುವುದು, ನೋಟಿಸ್ ಕೊಡುವುದು, ಮೇಲ್ಮನವಿ, ಎಲ್ಲವೂ ಬರವಣಿಗೆಯಲ್ಲಿದೆ. ಹಾಗಿದ್ದೂ 20 ವರ್ಷ ದುಡಿದವರು, ಒಳ್ಳೆಯ ರೇಟಿಂಗ್ ಇದ್ದವರು, ಮಾಜಿ ಸೈನಿಕರು ಒಂದೇ ದಿನ ಒಟ್ಟಿಗೆ ಹೊರಗೆ ಬಿದ್ದರು. ಅದು ಹೇಗೆ ಸಾಧ್ಯವಾಯಿತು ಅಂತ ಬಿಡಿಸಿ ನೋಡುವುದಕ್ಕೇ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ಏಪ್ರಿಲ್ 1ಕ್ಕೆ ಮುಂಚೆ

ಜನವರಿ ಕೊನೆಯಲ್ಲಿ ಕೇಂದ್ರ ನೌಕರರಿಗೆಲ್ಲ ಒಂದು ಆಯ್ಕೆ ಬಂತು. ಈಗಲೇ ರಾಜೀನಾಮೆ ಕೊಡಿ, ಸೆಪ್ಟೆಂಬರ್ ತನಕ ಸಂಬಳ ಬರುತ್ತದೆ ಅಂತ. ಫೆಬ್ರವರಿ 11ರಂದು ಅಧ್ಯಕ್ಷ ಟ್ರಂಪ್ ಆದೇಶ ಸಂಖ್ಯೆ 14210ಕ್ಕೆ ಸಹಿ ಹಾಕಿದರು. ದೊಡ್ಡ ಪ್ರಮಾಣದ ಕಡಿತಕ್ಕೆ ತಯಾರಿ ಶುರು ಮಾಡಿ ಅಂತ ಎಲ್ಲ ಇಲಾಖೆಗಳಿಗೂ ಹೇಳಿದ ಆದೇಶ ಅದು. ನಾಲ್ವರು ಹೋದರೆ ಒಬ್ಬರನ್ನು ಮಾತ್ರ ತೆಗೆದುಕೊಳ್ಳಬೇಕು ಅನ್ನುವ ನಿಯಮವೂ ಅದರಲ್ಲಿತ್ತು. ಫೆಬ್ರವರಿ 26ರಂದು ಬಜೆಟ್ ಕಚೇರಿ ಮತ್ತು ಸಿಬ್ಬಂದಿ ನಿರ್ವಹಣಾ ಕಚೇರಿ ಸೇರಿ ಸುತ್ತೋಲೆ ಕಳಿಸಿದವು. ಮೊದಲ ಹಂತದ ಯೋಜನೆಗೆ ಮಾರ್ಚ್ 13ರ ಗಡುವು, ಅಂದರೆ ಎರಡು ವಾರ ಕೊಟ್ಟ ಲೆಕ್ಕ.

ಮಾರ್ಚ್ 27ರಂದು ಆರೋಗ್ಯ ಕಾರ್ಯದರ್ಶಿ (ನಮ್ಮಲ್ಲಿ ಸಚಿವರು ಇದ್ದ ಹಾಗೆ) ರಾಬರ್ಟ್ ಎಫ್. ಕೆನಡಿ ಜೂನಿಯರ್ ಅಂಕಿಗಳನ್ನು ಪ್ರಕಟಿಸಿದರು. ಇಲಾಖೆಯ 82,000 ನೌಕರರು 62,000 ಆಗಬೇಕು. ಅರ್ಧ ಜನ ತಾವಾಗಿ ಹೋಗುವವರು, ಇನ್ನರ್ಧ, ಅಂದರೆ ಸುಮಾರು 10,000 ಮಂದಿ, ಕಡಿತದಲ್ಲಿ ಹೋಗುವವರು. 28 ವಿಭಾಗ ಇದ್ದದ್ದು 15 ಆಗಬೇಕು, 10 ಪ್ರಾದೇಶಿಕ ಕಚೇರಿಗಳು 5 ಆಗಬೇಕು. ಔಷಧ ಮತ್ತು ಆಹಾರ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯಿಂದ ಸುಮಾರು 3,500, ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯಿಂದ 2,400, ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಿಂದ 1,200. ವರ್ಷಕ್ಕೆ 180 ಕೋಟಿ ಡಾಲರ್ ಉಳಿತಾಯ ಆಗುತ್ತದೆ ಅಂತಲೂ ಹೇಳಿದರು.

ಇಲ್ಲಿ ಒಂದು ಅಂಶ ಗಮನಿಸಿ. ಎಷ್ಟು ಜನ ಅನ್ನುವುದು ಮೊದಲು ಬಂತು. ಯಾವ ಕೆಲಸ ಬೇಡ ಅನ್ನುವ ವಿವರ ಆ ಪ್ರಕಟಣೆಯಲ್ಲಿ ತೀರಾ ಕಮ್ಮಿ. ಮಾನವ ಸಂಪನ್ಮೂಲ, ಐಟಿ, ಖರೀದಿ, ಪ್ರಚಾರದಂಥ ಕೆಲಸಗಳು ಬೇರೆ ಬೇರೆ ಕಡೆ ಹಂಚಿಹೋಗಿವೆ, ಅವನ್ನು ಒಂದೇ ಕಡೆ ತರುತ್ತೇವೆ ಅನ್ನುವಷ್ಟು ಇತ್ತು. ಆಮೇಲೆ ನಡೆದದ್ದೆಲ್ಲ ಈ ಕ್ರಮದಿಂದಲೇ ನಡೆಯಿತು ಅಂತ ನನಗೆ ಅನ್ನಿಸುತ್ತದೆ.

ನಿಯಮ ಏನು ಹೇಳುತ್ತದೆ

ಹೀಗೆ ಹುದ್ದೆ ಕಡಿಮೆ ಮಾಡುವುದಕ್ಕೆ ಅಲ್ಲಿ ರಿಡಕ್ಷನ್ ಇನ್ ಫೋರ್ಸ್ ಅನ್ನುತ್ತಾರೆ. ನೌಕರರ ಬಾಯಲ್ಲಿ ಬರೀ ರಿಫ್. "ನಾನು ರಿಫ್ ಆದೆ" ಅಂತ ಹೇಳಿಕೊಳ್ಳುತ್ತಾರೆ. ಇದು ತಪ್ಪು ಮಾಡಿದವರಿಗೆ ಕೊಡುವ ಶಿಕ್ಷೆ ಅಲ್ಲ. ಕೆಲಸ ಇಲ್ಲ, ದುಡ್ಡು ಇಲ್ಲ, ಇಲಾಖೆಯನ್ನು ಬೇರೆ ರೀತಿ ಕಟ್ಟುತ್ತಿದ್ದೇವೆ, ಇಂಥ ಕಾರಣಗಳಿಗೆ ಮಾತ್ರ ರಿಫ್ ಮಾಡಬಹುದು. ಒಬ್ಬ ನೌಕರ ಸರಿಯಿಲ್ಲ ಅಂತ ಅವನನ್ನು ಕಳಿಸುವುದಕ್ಕೆ ಈ ದಾರಿ ಬಳಸುವಂತಿಲ್ಲ.

ರಿಫ್‌ನಲ್ಲಿ ನಾಲ್ಕು ವಿಷಯ ನೋಡುತ್ತಾರೆ. ನೇಮಕಾತಿಯ ಬಗೆ, ಸೈನಿಕ ಸೇವೆ, ಒಟ್ಟು ಸೇವಾವಧಿ, ಕೊನೆಯ ಮೂರು ವಾರ್ಷಿಕ ರೇಟಿಂಗ್. ಇವುಗಳ ಕ್ರಮವೇ ಮುಖ್ಯ. ಖಾಯಂ ನೌಕರರು ಮೊದಲ ಗುಂಪು. ಮೂರು ವರ್ಷ ತುಂಬದೆ ಇನ್ನೂ ಪೂರ್ತಿ ಖಾಯಂ ಆಗದವರು ಮತ್ತು ಪ್ರೊಬೇಷನ್‌ನಲ್ಲಿ ಇರುವವರು ಎರಡನೇ ಗುಂಪು. ಅವಧಿ ನೇಮಕಾತಿಯವರು ಮೂರನೆಯದು. ಪ್ರತಿ ಗುಂಪಿನೊಳಗೆ ಶೇ. 30 ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ ಮಾಜಿ ಸೈನಿಕರು ಮೇಲೆ, ಉಳಿದ ಮಾಜಿ ಸೈನಿಕರು ಅವರ ಕೆಳಗೆ, ಸೇನೆಯಲ್ಲಿ ಇರದವರು ಕೊನೆಗೆ. ಅದರೊಳಗೆ ಸೇವಾವಧಿ. ರೇಟಿಂಗ್ ಕೂಡ ಇಲ್ಲಿ ವರ್ಷದ ರೂಪದಲ್ಲೇ ಸೇರುತ್ತದೆ. ಅತ್ಯುತ್ತಮ ಅಂತ ಬಂದರೆ 20 ವರ್ಷ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿದ್ದರೆ 16, ತೃಪ್ತಿಕರ ಅಂದರೆ 12. ಮೂರು ರೇಟಿಂಗ್‌ಗಳ ಸರಾಸರಿ ತೆಗೆದು, ಭಿನ್ನರಾಶಿ ಬಂದರೆ ಮೇಲಿನ ಪೂರ್ಣ ಸಂಖ್ಯೆಗೆ ಏರಿಸಿ, ಸೇವಾವಧಿಗೆ ಕೂಡುತ್ತಾರೆ.

ಅರ್ಥವಾಗಲಿ ಅಂತ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಒಂದೇ ದರ್ಜೆಯ, ಒಂದೇ ಬಗೆಯ ಕೆಲಸದ ನಾಲ್ವರು ಇದ್ದಾರೆ ಅಂದುಕೊಳ್ಳಿ. ಎರಡು ಹುದ್ದೆ ಹೋಗಬೇಕು. ಮೊದಲನೆಯವರು 22 ವರ್ಷ ದುಡಿದವರು, ಮೂರು ವರ್ಷವೂ ರೇಟಿಂಗ್ ತೃಪ್ತಿಕರ. ಎರಡನೆಯವರು 14 ವರ್ಷದವರು, ಎರಡು ಸಲ ಅತ್ಯುತ್ತಮ, ಒಂದು ಸಲ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಮೂರನೆಯವರು 6 ವರ್ಷದ ಖಾಯಂ ನೌಕರರು, ಯುದ್ಧದಲ್ಲಿ ಗಾಯಗೊಂಡು ಶೇ. 40 ಅಂಗವೈಕಲ್ಯ ಇರುವ ಮಾಜಿ ಸೈನಿಕರು. ನಾಲ್ಕನೆಯವರೂ ಮಾಜಿ ಸೈನಿಕರೇ, ಆದರೆ ಸೇರಿ ಎರಡು ವರ್ಷ ಆಗಿದೆ ಅಷ್ಟೆ.

ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ನಿಲ್ಲುವವರು 6 ವರ್ಷದ ಆ ಗಾಯಾಳು ಸೈನಿಕರು. ಅವರ ವರ್ಷ ಕಮ್ಮಿ ಇದ್ದರೂ ಉಪಗುಂಪೇ ಮೇಲಿನದು. ಆಮೇಲೆ 22 ವರ್ಷದವರು: 22ಕ್ಕೆ 12 ಕೂಡಿದರೆ 34. 14 ವರ್ಷದವರಿಗೆ ರೇಟಿಂಗ್ ಸರಾಸರಿ 18.67, ಅದು 19 ಆಗುತ್ತದೆ, ಒಟ್ಟು 33. ಒಂದೇ ಒಂದು ವರ್ಷದಲ್ಲಿ ಅವರು ಕೆಳಗೆ. ಎರಡು ವರ್ಷದ ಮಾಜಿ ಸೈನಿಕರು ಎರಡನೇ ಗುಂಪಿನವರಾದ್ದರಿಂದ ಎಲ್ಲರಿಗಿಂತ ಕೆಳಗೆ. ಹೀಗಾಗಿ ಹೋಗುವವರು ಈ ಕೊನೆಯ ಇಬ್ಬರು.

ಇದು ಪೂರ್ತಿ ನ್ಯಾಯವೇ? ಚೆನ್ನಾಗಿ ಕೆಲಸ ಮಾಡಿದವರು ಹೋಗಿ ಹಳಬರು ಉಳಿದರು ಅಂತ ಬೇಸರ ಆಗುತ್ತದೆ, ನಿಜ. ಆದರೆ ಲೆಕ್ಕ ಎಲ್ಲರ ಕಣ್ಣ ಮುಂದಿದೆ. ತನಗೆ 33 ಯಾಕೆ ಬಂತು ಅಂತ ನೌಕರರು ಕೇಳಬಹುದು, ಪಟ್ಟಿ ತರಿಸಿ ನೋಡಬಹುದು, ತಪ್ಪಿದ್ದರೆ ತೋರಿಸಬಹುದು. ಮೇಲಧಿಕಾರಿಗೆ ಕಂಡರೆ ಆಗದವರು, ಬೇರೆ ಪಕ್ಷಕ್ಕೆ ಮತ ಹಾಕುವವರು ಅಂತ ಯಾರನ್ನೂ ಕಳಿಸಲು ಆಗಬಾರದು ಅನ್ನುವುದಕ್ಕೇ ಈ ಲೆಕ್ಕ ಹುಟ್ಟಿದ್ದು. ನನಗೆ ಇದರ ಮೇಲೆ ಗೌರವ ಇದೆ.

ಕೆಳಗೆ ಬಿದ್ದವರಿಗೂ ಇನ್ನೊಂದು ಬಾಗಿಲು ಇದೆ. ತಮಗಿಂತ ಕೆಳಗಿನ ಗುಂಪಿನವರು ಇರುವ, ತಮಗೆ ಅರ್ಹತೆ ಇರುವ ಹುದ್ದೆಗೆ ಅವರು ಹೋಗಬಹುದು. ಇದು ಬಂಪಿಂಗ್. ಹಿಂದೆ ತಾವೇ ಮಾಡುತ್ತಿದ್ದ ಹುದ್ದೆಯಲ್ಲಿ ಈಗ ತಮಗಿಂತ ಕಡಿಮೆ ಸೇವೆಯವರು ಇದ್ದರೆ ಅಲ್ಲಿಗೂ ಹಿಂದಿರುಗಬಹುದು. ಸಾಮಾನ್ಯವಾಗಿ ಮೂರು ದರ್ಜೆ ಕೆಳಗಿನ ತನಕ ಈ ಹಕ್ಕು ಇದೆ. ಹಾಗೆ ಇಳಿದವರ ಹಳೆಯ ದರ್ಜೆಯನ್ನು ಎರಡು ವರ್ಷ ಉಳಿಸಿಕೊಡುವ ಅವಕಾಶವೂ ಇದೆ.

ಎಲ್ಲ ನಿಂತಿರುವುದು ಗಡಿಯ ಮೇಲೆ

ಈಗ ಅಸಲಿ ವಿಷಯ. ಈ ನಾಲ್ವರ ಪಟ್ಟಿಯಲ್ಲಿ ಯಾರೆಲ್ಲ ಸೇರಬೇಕು ಅಂತ ಯಾರು ಹೇಳಿದರು? ಅದು ಇಲಾಖೆಯದೇ ತೀರ್ಮಾನ. ನಿಯಮದ ಭಾಷೆಯಲ್ಲಿ ಅದು ಕಾಂಪಿಟಿಟಿವ್ ಏರಿಯಾ, ಅಂದರೆ ನೌಕರರು ಒಬ್ಬರ ಜೊತೆ ಒಬ್ಬರು ಹೋಲಿಕೆಗೆ ನಿಲ್ಲುವ ಗಡಿ. ಇಡೀ ಸಂಸ್ಥೆಯನ್ನೇ ಒಂದು ಗಡಿ ಅಂತ ಮಾಡಬಹುದು. ಒಂದು ಊರಿನ ಒಂದು ಸಣ್ಣ ಘಟಕವನ್ನೂ ಗಡಿ ಅಂತ ಮಾಡಬಹುದು. ಆ ಘಟಕದ ಆಡಳಿತ ಬೇರೆಯಾಗಿರಬೇಕು, ಅಷ್ಟೇ ಷರತ್ತು. ರಿಫ್ ಜಾರಿಗೆ ಬರುವ ಹಿಂದಿನ 90 ದಿನಗಳೊಳಗೆ ಗಡಿ ಬದಲಿಸಬೇಕಿದ್ದರೆ ಸಿಬ್ಬಂದಿ ನಿರ್ವಹಣಾ ಕಚೇರಿಯ ಒಪ್ಪಿಗೆ ಬೇಕು. ಆದರೆ ಈ ಸಲ ಕಡಿತ ಮಾಡಿ ಅಂತ ಸುತ್ತೋಲೆ ಕಳಿಸಿದ್ದೇ ಆ ಕಚೇರಿ, ಅಲ್ವಾ?

ಗಡಿ ದೊಡ್ಡದಾಗಿದ್ದರೆ 14 ವರ್ಷದ ಆ ನೌಕರರಿಗೆ ಪಕ್ಕದ ವಿಭಾಗದಲ್ಲಿ ಒಂದು ಜಾಗ ಸಿಗಬಹುದು. ಗಡಿ ಆ ಒಂದು ಕಚೇರಿಯಷ್ಟೇ ಇದ್ದು, ಆ ಕಚೇರಿಯನ್ನೇ ಮುಚ್ಚಿದರೆ? ಆಗ ಹೋಲಿಸುವುದಕ್ಕೆ ಯಾರೂ ಉಳಿಯುವುದಿಲ್ಲ. 22 ವರ್ಷವೂ ಒಂದೇ, ಎರಡು ವರ್ಷವೂ ಒಂದೇ. ಗಾಯಾಳು ಸೈನಿಕರೂ ಹೋಗುತ್ತಾರೆ. ಬಂಪಿಂಗ್ ಹಕ್ಕು ಕಾಗದದ ಮೇಲೆ ಇರುತ್ತದೆ, ಹೋಗಲು ಹುದ್ದೆ ಇರುವುದಿಲ್ಲ. ಯಾವ ನಿಯಮವನ್ನೂ ಮುರಿಯದೆ ಎಲ್ಲ ನಿಯಮಗಳನ್ನೂ ದಾಟಿದ ಹಾಗಾಯಿತು.

ಏಪ್ರಿಲ್ 1ರಂದು ಅನೇಕ ಕಡೆ ನಡೆದದ್ದು ಇಡೀ ಕಚೇರಿಗಳ ಕಡಿತ. ಬಡ ಕುಟುಂಬಗಳ ಮನೆ ಬೆಚ್ಚಗಿಡುವ, ತಂಪಾಗಿಡುವ ಖರ್ಚಿಗೆ ವರ್ಷಕ್ಕೆ ಸುಮಾರು 400 ಕೋಟಿ ಡಾಲರ್ ಹಂಚುವ ಯೋಜನೆಯನ್ನು ನೋಡಿಕೊಳ್ಳುತ್ತಿದ್ದ ಸಣ್ಣ ತಂಡ ಪೂರ್ತಿ ಹೋಯಿತು. ಯೋಜನೆ ರದ್ದಾಗಲಿಲ್ಲ, ಕಾನೂನಿನಲ್ಲಿ ಹಾಗೇ ಇತ್ತು, ನಡೆಸುವವರು ಇರಲಿಲ್ಲ. ಪ್ರತಿ ವರ್ಷ ಬಡತನದ ಮಿತಿ ಎಷ್ಟು ಡಾಲರ್ ಅಂತ ಲೆಕ್ಕ ಹಾಕುತ್ತಿದ್ದವರಿಗೂ ನೋಟಿಸ್ ಹೋಯಿತು. ಬಡವರ ವೈದ್ಯಕೀಯ ವಿಮೆ, ಆಹಾರ ನೆರವು ಎಲ್ಲದರ ಅರ್ಹತೆಯೂ ಆ ಸಂಖ್ಯೆಯ ಮೇಲೆ ನಿಂತಿದೆ. ಎಫ್‌ಡಿಎಯಲ್ಲಿ ತಪಾಸಣೆ ಅಧಿಕಾರಿಗಳನ್ನು ಮುಟ್ಟುವುದಿಲ್ಲ ಅಂತ ಮೊದಲೇ ಹೇಳಿದ್ದರು. ಮುಟ್ಟಲಿಲ್ಲ. ಆದರೆ ಅವರ ಪ್ರಯಾಣದ ಟಿಕೆಟ್, ಓಡಾಟದ ವ್ಯವಸ್ಥೆ ಮಾಡಿಕೊಡುತ್ತಿದ್ದ ಸಿಬ್ಬಂದಿಯನ್ನು ತೆಗೆದರು. ತಪಾಸಣೆಗೆ ಹೋಗುವವರಿಗೆ ಟಿಕೆಟ್ ಮಾಡಿಸುವವರು ಬೇಡವೇ?

ಸಿಡಿಸಿಯ ಒಂದು ತಂಡದ ಕತೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮಕ್ಕಳ ರಕ್ತದಲ್ಲಿ ಸೀಸ ಸೇರುವುದನ್ನು ತಡೆಯುವ ತಂಡ ಅದು. ಆ ಹೊತ್ತಿಗೆ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಹಳೆಯ ಶಾಲಾ ಕಟ್ಟಡಗಳಲ್ಲಿ ಸೀಸದ ಬಣ್ಣ ಉದುರುತ್ತಿತ್ತು. ಕೆಲವು ಮಕ್ಕಳ ರಕ್ತದಲ್ಲಿ ಸೀಸ ಕಂಡಿತ್ತು. ನಗರದ ಆರೋಗ್ಯ ಅಧಿಕಾರಿಗಳು ತಜ್ಞರನ್ನು ಕಳಿಸಿ ಅಂತ ಸಿಡಿಸಿಯನ್ನು ಕೇಳಿದ್ದರು. ಏಪ್ರಿಲ್‌ನಲ್ಲಿ ಉತ್ತರ ಬಂತು: ಸಾಧ್ಯವಿಲ್ಲ, ಆ ತಂಡವೇ ಈಗ ಇಲ್ಲ. ಆ ತಂಡದ ಒಬ್ಬೊಬ್ಬರ ಸೇವಾವಧಿ, ರೇಟಿಂಗ್ ಎಷ್ಟೇ ಸರಿಯಾಗಿ ಕೂಡಿದ್ದರೂ ಮಿಲ್ವಾಕಿಯ ಮಕ್ಕಳ ವಿಷಯ ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ರಿಫ್ ನಿಯಮಗಳು ನೌಕರರನ್ನು ನೌಕರರ ಜೊತೆ ಹೋಲಿಸುತ್ತವೆ. ಕೆಲಸವನ್ನು ಕೆಲಸದ ಜೊತೆ ಹೋಲಿಸುವ ಅಂಕಪಟ್ಟಿ ಇಲ್ಲವೇ ಇಲ್ಲ. ಅದು ಪೂರ್ತಿ ಮೇಲಿನವರ ವಿವೇಚನೆ.

ಎರಡೇ ದಿನದಲ್ಲಿ, ಏಪ್ರಿಲ್ 3ರಂದು, ಕಾರ್ಯದರ್ಶಿಯವರೇ ಪತ್ರಕರ್ತರಿಗೆ ಹೇಳಿದರು: ತೆಗೆಯಬಾರದವರನ್ನು ತೆಗೆದಿದ್ದೇವೆ, ಸುಮಾರು ಶೇ. 20ರಷ್ಟನ್ನು ವಾಪಸ್ ತರಬೇಕಾಗುತ್ತದೆ, ಇದು ಮೊದಲಿಂದಲೂ ಇದ್ದ ಯೋಜನೆ ಅಂತ. ಸೀಸದ ಕಾರ್ಯಕ್ರಮವನ್ನೂ ಅವರು ಉದಾಹರಣೆಯಾಗಿ ಹೇಳಿದರು. ಅದನ್ನು ವಾಪಸ್ ತರುವ ಯೋಚನೆ ಇಲ್ಲ ಅಂತ ಇಲಾಖೆಯೇ ಆಮೇಲೆ ತಿಳಿಸಿತು. ತಪ್ಪಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ, ನೋಟಿಸ್ ಕಳಿಸುವ ಮುಂಚೆ ಆ ಕಚೇರಿಗಳ ಮುಖ್ಯಸ್ಥರನ್ನು ಕೂರಿಸಿ ಕೇಳಬಹುದಿತ್ತು. ಒಬ್ಬ ನೌಕರರ ಮನೆಯಲ್ಲಿ ಆ ಎರಡು ದಿನ, ಆ ಎರಡು ತಿಂಗಳು ಹೇಗೆ ಕಳೆಯಿತು ಅನ್ನುವುದು ಯಾವ ಶೇಕಡಾ ಲೆಕ್ಕಕ್ಕೂ ಸಿಗುವುದಿಲ್ಲ.

ನೋಟಿಸ್ ಮತ್ತು ಪರಿಹಾರ

ರಿಫ್‌ಗೆ 60 ದಿನಗಳ ನೋಟಿಸ್ ಕೊಡಬೇಕು. ಇಲ್ಲಿ ಜೂನ್ 2 ಕೊನೆಯ ದಿನ ಅಂತ ಕೊಟ್ಟರು. ಅಲ್ಲಿಯ ತನಕ ಸಂಬಳ ಸಹಿತ ರಜೆ, ಕಚೇರಿಗೆ ಬರುವಂತಿಲ್ಲ. ನೋಟಿಸ್‌ನಲ್ಲಿ ನೌಕರರ ಹುದ್ದೆ, ಗುಂಪು, ಸೇವಾ ದಿನಾಂಕ, ರೇಟಿಂಗ್ ಎಲ್ಲ ಬರೆದಿರಬೇಕು. ಇವು ಸುಮ್ನೆ ಮಾಹಿತಿಗಲ್ಲ, ಮೇಲ್ಮನವಿಗೆ ಇವೇ ಆಧಾರ. ಆದರೆ ಅನೇಕರ ನೋಟಿಸ್‌ಗಳಲ್ಲಿ ರೇಟಿಂಗ್ ಮುಂತಾದ ವಿವರಗಳು ತಪ್ಪಾಗಿದ್ದವು. ತಾರತಮ್ಯದ ದೂರು ಇದ್ದರೆ ಇವರನ್ನು ಸಂಪರ್ಕಿಸಿ ಅಂತ ಕೆಲವು ಪತ್ರಗಳಲ್ಲಿ ಕೊಟ್ಟಿದ್ದ ಹೆಸರು ಅದಕ್ಕೆ ತಿಂಗಳುಗಳ ಹಿಂದೆಯೇ ತೀರಿಕೊಂಡಿದ್ದ ಅಧಿಕಾರಿಯೊಬ್ಬರದು. ಇದನ್ನು ಓದಿದಾಗ ನನಗೆ ತುಂಬ ನೋವಾಯಿತು. ಒಬ್ಬರ ಬದುಕನ್ನೇ ಬದಲಿಸುವ ಕಾಗದವನ್ನು ಕಳಿಸುವ ಮುಂಚೆ ಒಂದು ಸಲ ಓದುವಷ್ಟಾದರೂ ಸಮಯ ಕೊಡಬೇಕಿತ್ತು.

ದುಡ್ಡಿನ ಲೆಕ್ಕ ಹೀಗಿದೆ. ಮೊದಲ 10 ವರ್ಷಕ್ಕೆ ವರ್ಷಕ್ಕೊಂದು ವಾರದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಎರಡು ವಾರ. ವಯಸ್ಸು 40 ದಾಟಿದ್ದರೆ ದಾಟಿದ ಪ್ರತಿ ಮೂರು ತಿಂಗಳಿಗೆ ಶೇ. 2.5 ಸೇರುತ್ತದೆ. ನಮ್ಮ ಉದಾಹರಣೆಯ 14 ವರ್ಷದವರಿಗೆ ವಯಸ್ಸು 45 ಅಂದುಕೊಂಡರೆ 18 ವಾರ, ಅದಕ್ಕೆ ಶೇ. 50 ಸೇರಿ 27 ವಾರದ ಸಂಬಳ. ಎಷ್ಟೇ ಸೇವೆ ಇದ್ದರೂ ಜೀವಮಾನಕ್ಕೆ 52 ವಾರ ದಾಟುವಂತಿಲ್ಲ. 50 ವಯಸ್ಸಾಗಿ 20 ವರ್ಷ ಸೇವೆ ಇರುವವರಿಗೆ, ಅಥವಾ ಯಾವ ವಯಸ್ಸಿನಲ್ಲಾದರೂ 25 ವರ್ಷ ಸೇವೆ ಆದವರಿಗೆ, ತಕ್ಷಣ ಪಿಂಚಣಿ ಸಿಗುತ್ತದೆ. ಅಂದರೆ ಹೆಚ್ಚು ಏಟು ಬೀಳುವುದು ನಡುವಯಸ್ಸಿನವರಿಗೆ. ಪಿಂಚಣಿಗೆ ಇನ್ನೂ ದೂರ, ಹೊಸ ಕೆಲಸ ಹುಡುಕಲು ತಡ.

ಮಾರ್ಚ್‌ನಲ್ಲೇ ತಾವಾಗಿ ಹೋಗುವವರಿಗೆ ಇಲಾಖೆ 25,000 ಡಾಲರ್ ತನಕ ಕೊಡುತ್ತೇವೆ ಅಂದಿತ್ತು. ಈ 25,000 ಅನ್ನುವ ಮಿತಿ ಕ್ಲಿಂಟನ್ ಕಾಲದ 1994ರ ಕಾನೂನಿನಲ್ಲೂ ಇತ್ತು. ಆಗ 1999ರೊಳಗೆ 2,72,900 ಹುದ್ದೆ ಇಳಿಸುವ ಗುರಿ ಇಟ್ಟಿದ್ದರು. ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು. ಆದರೆ ಅದನ್ನು ಸಂಸತ್ತಿನ ಕಾನೂನಿನ ಮೂಲಕ, ವರ್ಷಗಟ್ಟಲೆ ಸಮಯ ತೆಗೆದುಕೊಂಡು ಮಾಡಿದರು. ಹೆಚ್ಚಿನವರು ಹಣ ಪಡೆದು ಅಥವಾ ನಿವೃತ್ತರಾಗಿ ಹೋದರು. ಸರ್ಕಾರ ಸಣ್ಣದಾಗಬೇಕು ಅನ್ನುವವರ ಜೊತೆ ನನಗೆ ಜಗಳ ಇಲ್ಲ. ಅದಕ್ಕೆ ಬೇರೆ ದಾರಿ ಇದೆ ಅನ್ನುವುದಕ್ಕೆ ಅದೇ ದೇಶದ ಇತಿಹಾಸ ಸಾಕು.

ಕೋರ್ಟ್‌ಗಳಲ್ಲಿ ಗೆದ್ದದ್ದು ಯಾವ ವಾದ

ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ ತಿರುವು ವೆಸ್ಟ್ ವರ್ಜೀನಿಯಾದ್ದು. ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಎನ್ಐಒಎಸ್ಎಚ್ ಅನ್ನುವ ಸಂಸ್ಥೆ ಸಿಡಿಸಿಯ ಅಡಿಯಲ್ಲಿದೆ. ಕಲ್ಲಿದ್ದಲು ಗಣಿ ಕಾರ್ಮಿಕರ ಶ್ವಾಸಕೋಶದ ಎಕ್ಸ್-ರೇ ತೆಗೆದು, ದೂಳಿನಿಂದ ಬರುವ ಕಾಯಿಲೆಯನ್ನು ಬೇಗ ಪತ್ತೆ ಹಚ್ಚುವ ಕಾರ್ಯಕ್ರಮ ಅದರದು. ಮಾರ್ಗನ್‌ಟೌನ್‌ನ ಆ ಸಿಬ್ಬಂದಿಗೂ ರಿಫ್ ನೋಟಿಸ್ ಹೋಗಿತ್ತು. ಕೋರ್ಟ್‌ಗೆ ಹೋದದ್ದು ಒಬ್ಬ ಗಣಿ ಕಾರ್ಮಿಕ. ಕಾಯಿಲೆ ಕಂಡರೆ ದೂಳು ಕಡಿಮೆ ಇರುವ ಕೆಲಸಕ್ಕೆ ಬದಲಾಯಿಸಿಕೊಳ್ಳುವ ಹಕ್ಕು ಅವರಿಗಿದೆ. ಆದರೆ ಆ ಎಕ್ಸ್-ರೇ ನೋಡಿ ಹೇಳುವವರೇ ಇಲ್ಲದಿದ್ದರೆ ಹಕ್ಕು ಇದ್ದು ಏನು ಪ್ರಯೋಜನ? ಮೇ 13ರಂದು ನ್ಯಾಯಾಧೀಶೆ ಐರಿನ್ ಬರ್ಗರ್ ಆ ಕಾರ್ಯಕ್ರಮವನ್ನು ಮತ್ತೆ ಶುರು ಮಾಡಿ ಅಂತ ಆದೇಶಿಸಿದರು. ಮಾರನೇ ದಿನ ಎನ್ಐಒಎಸ್ಎಚ್‌ನ 328 ಮಂದಿಯನ್ನು ವಾಪಸ್ ತೆಗೆದುಕೊಂಡ ವಿಷಯವನ್ನು ಕೆನಡಿ ಸಂಸತ್ತಿಗೆ ತಿಳಿಸಿದರು.

ಅಲ್ಲಿ ಚರ್ಚೆಗೆ ಬಂದದ್ದು ಯಾರ ಸೇವಾವಧಿಯೂ ಅಲ್ಲ. ಈ ಕೆಲಸ ನಡೆಯಲೇಬೇಕು ಅಂತ 1969ರ ಗಣಿ ಕಾನೂನು ಹೇಳುತ್ತದೆಯೋ ಇಲ್ಲವೋ ಅನ್ನುವುದು. ರಿಫ್ ನಿಯಮದಲ್ಲಿ ಇಲ್ಲದ ಪ್ರಶ್ನೆಯನ್ನು ಕೋರ್ಟ್ ಕೇಳಿತು.

ಜುಲೈ 1ರಂದು ರೋಡ್ ಐಲೆಂಡ್‌ನ ನ್ಯಾಯಾಧೀಶೆ ಮೆಲಿಸ್ಸಾ ಡುಬೋಸ್, ಹಲವು ರಾಜ್ಯಗಳು ಹೂಡಿದ ದಾವೆಯಲ್ಲಿ, ಸಿಡಿಸಿ ಸೇರಿದಂತೆ ಕೆಲವು ವಿಭಾಗಗಳ ಕಡಿತಕ್ಕೆ ತಡೆ ಕೊಟ್ಟರು. ಇತ್ತ ಸರ್ಕಾರದಾದ್ಯಂತ ಕಡಿತವನ್ನು ನಿಲ್ಲಿಸಿದ್ದ ಕ್ಯಾಲಿಫೋರ್ನಿಯಾದ ಇನ್ನೊಂದು ಆದೇಶಕ್ಕೆ ಜುಲೈ 8ರಂದು ಸುಪ್ರೀಂ ಕೋರ್ಟ್ ತಡೆ ನೀಡಿತು. ಜುಲೈ 14ರಂದು, ತಡೆಯಾಜ್ಞೆಯ ರಕ್ಷಣೆ ಇಲ್ಲದ ನೌಕರರನ್ನು ಇಲಾಖೆ ಅಧಿಕೃತವಾಗಿ ಬಿಡುಗಡೆ ಮಾಡಿತು. ಒಂದೇ ದಿನ ಒಂದೇ ಬಗೆಯ ಪತ್ರ ಪಡೆದವರಲ್ಲಿ ಕೆಲವರು ಉಳಿದರು, ಕೆಲವರು ಹೋದರು.

ಹೋದವರಿಗೆ ಮೇಲ್ಮನವಿಯ ದಾರಿ ಮೆರಿಟ್ ಸಿಸ್ಟಮ್ಸ್ ಪ್ರೊಟೆಕ್ಷನ್ ಬೋರ್ಡ್. ಬಿಡುಗಡೆಯಾದ 30 ದಿನದೊಳಗೆ ಅರ್ಜಿ ಹಾಕಬೇಕು. ಮೂವರು ಸದಸ್ಯರ ಈ ಮಂಡಳಿಗೆ ಆ ಹೊತ್ತಿನಲ್ಲಿ ಕೋರಂ, ಅಂದರೆ ತೀರ್ಪು ಕೊಡಲು ಬೇಕಾದಷ್ಟು ಸದಸ್ಯರು, ಇರಲಿಲ್ಲ. ಕೆಳ ಹಂತದ ನ್ಯಾಯಾಧೀಶರು ವಿಚಾರಣೆ ಮಾಡಬಹುದಿತ್ತು, ಮಂಡಳಿ ಅಂತಿಮ ತೀರ್ಪು ಕೊಡುವ ಸ್ಥಿತಿಯಲ್ಲಿ ಇರಲಿಲ್ಲ. ನೋಟಿಸ್‌ನಲ್ಲಿ ತಪ್ಪು ವಿವರ ಇದ್ದ ಕೆಲವರು ಮಂಡಳಿಗೆ ಕಾಯದೆ ಜೂನ್‌ನಲ್ಲೇ ಬೇರೆ ಕೋರ್ಟ್‌ಗೆ ಹೋದರು. ಗಡಿ ಎಲ್ಲಿ ಎಳೆದರು ಅಂತ ಅವರು ಕೇಳಲಿಲ್ಲ. ಸರ್ಕಾರ ತನ್ನ ಬಳಿ ಇಟ್ಟುಕೊಂಡ ದಾಖಲೆ ಸರಿ ಇರಬೇಕು ಅನ್ನುವ ಖಾಸಗಿತನದ ಕಾನೂನಿನ ಅಡಿಯಲ್ಲಿ, ತಮ್ಮ ಬಗ್ಗೆ ತಪ್ಪು ದಾಖಲೆ ನೋಡಿ ತಮ್ಮನ್ನು ತೆಗೆದಿದ್ದಾರೆ ಅಂತ ಪರಿಹಾರ ಕೇಳಿದರು.